ಡಾಕ್ಟರ್ ಸೆಟ್ ತಂದರೆ ಸಾಕಾ? 3ರಿಂದ 6 ವರ್ಷದ ಮಕ್ಕಳಿಗೆ ಆರೈಕೆ ಕೆಲಸಗಳ ಆಟದ ಮೂಲೆ

ಎಲ್‌ಕೆಜಿ_ದಾವಣಗೆರೆ
ಎಲ್‌ಕೆಜಿ, ಯುಕೆಜಿ ಸೇರಿ 24 ಮಕ್ಕಳು. ಕೋಣೆಯ ಒಂದು ಬದಿಗೆ ಎಂಟಡಿ ಹತ್ತಡಿ ಜಾಗ ಖಾಲಿ ಇದೆ. ಅಲ್ಲಿ ಒಂದೂವರೆ ತಿಂಗಳ ಮಟ್ಟಿಗೆ "ನೋಡಿಕೊಳ್ಳೋರು" ಅಂತ ಆಟದ ಮೂಲೆ ಮಾಡೋ ಯೋಚನೆ. ನರ್ಸ್, ಆಶಾ, ಫಿಸಿಯೋ (ವ್ಯಾಯಾಮ ಮಾಡಿಸಿ ಕೈಕಾಲು ಸರಿಪಡಿಸೋರು), ವಯಸ್ಸಾದವರ ಆರೈಕೆ ಮಾಡೋರು, ದನದ ಡಾಕ್ಟರ್ ಎಲ್ಲ ಬರಬೇಕು. ಅಂಗಡಿ ಡಾಕ್ಟರ್ ಸೆಟ್ ಮಾತ್ರ ಇಟ್ಟರೆ ಎಲ್ಲರೂ ಎಲ್ಲರಿಗೂ ಇಂಜೆಕ್ಷನ್ ಚುಚ್ಚಿ ಓಡೋದೇ ಆಟ ಆಗುತ್ತೆ ಅಂತ ಗೊತ್ತು. ಏನು ಇಡಬೇಕು, ಏನು ಇಡಲೇಬಾರದು, ಆಟ ನಡೆಸೋದು ಹೇಗೆ? ಖರ್ಚು ಎರಡು ಸಾವಿರ ದಾಟಬಾರದು.

ಕೋಟೆನಾಡು_ಇಸಿಇ
ಸೆಟ್ಟಿನಲ್ಲಿ ಸಾಮಾನು ಇರುತ್ತೆ, ಕೆಲಸ ಇರಲ್ಲ. ತೊಂದರೆ ಅಲ್ಲೇ ಇರೋದು. ಸ್ಟೆತಸ್ಕೋಪ್ ಎದೆಗಿಟ್ಟ ಮೇಲೆ ಮುಂದೇನು ಅಂತ ಮಗುವಿಗೆ ತಿಳಿಯದಿದ್ದರೆ ಕೈಗೆ ಸಿಗೋದು ಸಿರಿಂಜ್. ಅದಕ್ಕೇ ಪ್ರತಿ ಪಾತ್ರಕ್ಕೂ ಒಂದು ಶುರು, ಒಂದು ಮುಗಿವು ಕೊಡಿ. ಚೀಟಿ ಬರೆಯೋದು, ತೂಕ ನೋಡೋದು, "ಏನಾಗಿದೆ?" ಅಂತ ಕೇಳೋದು, ಪಟ್ಟಿ ಕಟ್ಟೋದು, ಮನೆಗೆ ಹೋದ ಮೇಲೆ ಏನು ಮಾಡಬೇಕು ಅಂತ ಹೇಳೋದು, ಹಾಸಿಗೆ ಒರೆಸಿ ಮುಂದಿನವರನ್ನು ಕರೆಯೋದು. ಈ ಸರಪಳಿ ಇದ್ದರೆ ಐದು ಮಕ್ಕಳಿಗೂ ಕೆಲಸ ಸಿಗುತ್ತೆ.

ನಿಮ್ಮ ಜಾಗಕ್ಕೆ ಒಮ್ಮೆಗೆ ಐದು, ಹೆಚ್ಚೆಂದರೆ ಆರು ಮಕ್ಕಳು. ಆರು ಬಣ್ಣದ ಬಟ್ಟೆ ಕ್ಲಿಪ್ ಇಡಿ, ಕ್ಲಿಪ್ ಅಂಗಿಗೆ ಸಿಕ್ಕಿಸಿಕೊಂಡವರಿಗೆ ಮಾತ್ರ ಒಳಗೆ ಜಾಗ. ಕೊರಳಿಗೆ ಹಾಕೋ ಐಡಿ ಕಾರ್ಡ್ ಬೇಡ, ದಾರ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಕುತ್ತಿಗೆಗೆ ಬಿಗಿಯುತ್ತೆ. ಸಮಯ 40 ನಿಮಿಷ ಬೇಕು. 15 ನಿಮಿಷದ ಪಿರಿಯಡ್ಡಿನಲ್ಲಿ ಯಾರು ಏನಾಗಬೇಕು ಅನ್ನೋ ಜಗಳ ಮುಗಿಯೋ ಹೊತ್ತಿಗೆ ಬೆಲ್ ಹೊಡೆದಿರುತ್ತೆ.

ವಯಸ್ಸಿನ ಲೆಕ್ಕ ಮರೆಯಬೇಡಿ. ಮೂರು ವರ್ಷದ ಮಗು ಗೊಂಬೆಗೆ ಹೊದಿಸಿ, ಉಣಿಸಿ, ಮತ್ತೆ ಹೊದಿಸುತ್ತೆ. ಅದೇ ಅದರ ಪೂರ್ತಿ ಆಟ, ಸರಪಳಿ ಹೇರಬೇಡಿ. ನಾಲ್ಕಕ್ಕೆ ಎರಡು ಮೂರು ಹೆಜ್ಜೆ ಜೋಡಿಸುತ್ತಾರೆ. ಐದು ದಾಟಿದವರು ಟೋಕನ್ ನಂಬರ್ ಕೂಗೋದು, ಗೀಚಿ ಚೀಟಿ ಕೊಡೋದು, "ನಾಳೆ ಬನ್ನಿ" ಅನ್ನೋದು ಎಲ್ಲ ತಾವೇ ತರುತ್ತಾರೆ.

ವಾರ್ಡ್_ಸಿಸ್ಟರ್
ಮೊದಲು ಇಡಬಾರದ್ದನ್ನು ಹೇಳ್ತೀನ್ರಿ, ಇಡೋದು ಆಮೇಲೆ.

ಆಸ್ಪತ್ರೆಯಲ್ಲಿ ಬಳಸಿ ಬಿಟ್ಟ ಯಾವುದೂ ಬೇಡ. ಸಿರಿಂಜ್, ಡ್ರಿಪ್ ಸೆಟ್, ಗ್ಲೂಕೋಸ್ ಬಾಟ್ಲಿ, ಗ್ಲೌಸ್ ಎಲ್ಲ ಜೈವಿಕ ವೈದ್ಯಕೀಯ ತ್ಯಾಜ್ಯ. ತೊಳೆದರೂ ಅದು ಆಟದ ಸಾಮಾನು ಆಗಲ್ಲ. "ನಮ್ಮ ಚಿಕ್ಕಪ್ಪ ಆಸ್ಪತ್ರೇಲಿ ಇದ್ದಾರೆ, ತಂದುಕೊಡ್ತಾರೆ" ಅನ್ನೋ ಪೋಷಕರಿಗೆ ನಯವಾಗಿ ಬೇಡ ಅನ್ನಿ.

ಗಾಜಿನ ಥರ್ಮಾಮೀಟರ್ ಬೇಡ, ಒಳಗೆ ಪಾದರಸ ಇರುತ್ತೆ. ಕೆಟ್ಟ ಡಿಜಿಟಲ್ ಥರ್ಮಾಮೀಟರ್ ಇಡಬಹುದು, ಆದರೆ ಸೆಲ್ ತೆಗೆದು ಮುಚ್ಚಳಕ್ಕೆ ಟೇಪ್ ಸುತ್ತಿದ ಮೇಲೆ. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗಿನ ಗೋಡೆ ಸುಡೋಕೆ ಶುರುವಾಗುತ್ತೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸೋಕೆ ಹೋಗದೆ ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಬೇಕು. ಹಾಡೋ, ಮಿನುಗೋ ಡಾಕ್ಟರ್ ಸೆಟ್‌ಗಳಲ್ಲೂ ಇದೇ ಸೆಲ್ ಇರುತ್ತೆ. ಸೆಲ್ ಇರೋ ಬಾಗಿಲಿಗೆ ಸ್ಕ್ರೂ ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮಾತ್ರೆ ಅಂತ ಪೆಪ್ಪರ್‌ಮೆಂಟು, ಜೆಮ್ಸ್ ಕೊಡಬೇಡಿ. ಇಲ್ಲಿ ತಿಂದ ಮಗು ಮನೇಲಿ ಅಜ್ಜನ ಬಿಪಿ ಮಾತ್ರೆಯನ್ನೂ ಹಾಗೇ ನೋಡುತ್ತೆ. ಅವರೆ, ಕಡಲೆ, ಹುಣಸೆ ಬೀಜವೂ ಬೇಡ. ಮೂಗಿಗೆ, ಕಿವಿಗೆ ತೂರಿಸಿಕೊಂಡರೆ ಒಳಗಿನ ತೇವಕ್ಕೆ ಉಬ್ಬಿ, ತೆಗೆಯೋದೇ ಕಷ್ಟ ಆಗುತ್ತೆ. ಬಟ್ಟೆ ಹೊಲಿದು ಅಂಗೈಯಗಲದ "ಮಾತ್ರೆ" ಮಾಡಿ.

ಗಾತ್ರ ನೋಡೋಕೆ ಒಂದು ಉಪಾಯ. ಆಟಿಕೆ ಪರೀಕ್ಷೆ ಮಾಡೋ ಕೊಳವೆಯ ಬಾಯಿ 31.7 ಮಿ.ಮೀ. ದಪ್ಪ ಕಾಗದ ಸುತ್ತಿ ಒಳಗಡೆ 32 ಮಿ.ಮೀ. ಅಗಲ ಬರೋ ಕೊಳವೆ ಮಾಡಿಟ್ಟುಕೊಳ್ಳಿ. ಪೂರ್ತಿ ಒಳಗಿಳಿಯೋ ಸಾಮಾನು ಮೂರರೊಳಗಿನ ಮಕ್ಕಳಿಗೆ ಕೂಡದು. ಇನ್ನೂ ಬಾಯಿಗೆ ಹಾಕಿಕೊಳ್ಳೋ ಮಗು ಇದ್ದರೆ ಎಲ್‌ಕೆಜಿಗೂ ಕೂಡದು. ನೀರಿನ ಬಾಟ್ಲಿ ಮುಚ್ಚಳ ಸಾಮಾನ್ಯವಾಗಿ ಇಳಿದುಬಿಡುತ್ತೆ, ನೋಡಿ. ಊದಿದ ಗ್ಲೌಸೂ ಬಲೂನ್ ಇದ್ದಂಗೆ, ಒಡೆದ ಚೂರು ಗಂಟಲಿಗೆ ಅಂಟಿಕೊಳ್ಳುತ್ತೆ.

ಇನ್ನು ಇಡೋದು. ಹಳೇ ಬಿಳಿ ಪಂಚೆ ಹರಿದು 5 ಸೆಂ.ಮೀ. ಅಗಲ, ಅರ್ಧ ಮೀಟರ್ ಉದ್ದದ ಪಟ್ಟಿಗಳು 20. ಕ್ರೇಪ್ ಬ್ಯಾಂಡೇಜ್ ಬೇಡ, ಅದು ಎಳೆದಷ್ಟೂ ಬಿಗಿಯುತ್ತೆ, ಮಕ್ಕಳಿಗೆ ಅಂದಾಜು ಸಿಗಲ್ಲ. ಪಟ್ಟಿ ಕೈಗೆ, ಕಾಲಿಗೆ ಮಾತ್ರ, ಕುತ್ತಿಗೆಗೆ ಎಂದಿಗೂ ಇಲ್ಲ. ಕಟ್ಟಿದ ಮೇಲೆ ಬೆರಳ ತುದಿ ಮುಟ್ಟಿ "ಬೆಚ್ಚಗಿದೆಯಾ, ಜುಂ ಅಂತಿದೆಯಾ?" ಅಂತ ಕೇಳೋದನ್ನು ಕಲಿಸಿ. ವಾರ್ಡಿನಲ್ಲಿ ನಾವು ಮಾಡೋದೂ ಅದನ್ನೇ. ಹೊಸ 10 ಎಂ.ಎಲ್. ಸಿರಿಂಜ್ ಎರಡು ತಗೊಳ್ಳಿ, ಸೂಜಿ ಜೊತೆ ಬಂದರೆ ಮೆಡಿಕಲ್ ಶಾಪಿನಲ್ಲೇ ವಾಪಸ್ ಕೊಡಿ. ಒಳಗಿನ ರಬ್ಬರ್ ಬಿರಡೆ ಕಿತ್ತು ಬರುತ್ತಾ ಅಂತ ವಾರಕ್ಕೊಮ್ಮೆ ಎಳೆದು ನೋಡಿ.

ಟೋಪಿ ಬೇಡ, ಹೇನು ಹರಡಬಹುದು. ನರ್ಸ್‌ಗಳ ಬಿಳಿ ಟೋಪಿ ಈಗ ಬಹುತೇಕ ಆಸ್ಪತ್ರೆಗಳಲ್ಲಿ ಕಾಣೋದೂ ಇಲ್ಲ, ಆಟಿಕೆ ಕಂಪನಿಗಳಿಗೆ ಮಾತ್ರ ಸುದ್ದಿ ತಲುಪಿಲ್ಲ.

ಎರಡು_ಮಕ್ಕಳಪ್ಪ
ಸಿಸ್ಟರ್, ಇಂಜೆಕ್ಷನ್ ಪೂರ್ತಿ ತೆಗೆದುಬಿಟ್ಟರೆ ಒಳ್ಳೇದಲ್ವಾ? ಭಯ ಹೆಚ್ಚಾಗಲ್ವಾ? ಇನ್ನೊಂದು ಪ್ರಶ್ನೆ. ಗಂಡು ಹುಡುಗ ನರ್ಸ್ ಆಗಿ ಆಡಿದರೆ ಮನೆಯಲ್ಲಿ ದೊಡ್ಡವರೇ ನಗ್ತಾರೆ. ಅವರಿಗೆ ಏನು ಹೇಳಬೇಕು?

ವಾರ್ಡ್_ಸಿಸ್ಟರ್
ತೆಗೆಯಬೇಡಿ ಸರ್. ಮೈಮೇಲೆ ನಡೆದದ್ದನ್ನು ಮಗು ಗೊಂಬೆ ಮೇಲೆ ತಾನೇ ನಡೆಸಿ ನೋಡಿಕೊಳ್ಳುತ್ತೆ. ಆಗ ಸಿರಿಂಜ್ ಅದರ ಕೈಯಲ್ಲಿರುತ್ತೆ, ಭಯ ಅಷ್ಟು ಇಳಿಯುತ್ತೆ. ಭಯ ಬೆಳೆಯೋದು ಇನ್ನೊಂದು ಕಡೆಯಿಂದ. "ಊಟ ಮಾಡದಿದ್ರೆ ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ" ಅಂತೀವಲ್ಲ, ಅಲ್ಲಿಂದ. ಆ ಮಾತು ಶಾಲೇಲೂ ಮನೇಲೂ ನಿಲ್ಲದೆ ಎಷ್ಟು ಆಟ ಆಡಿಸಿದರೂ ವ್ಯರ್ಥ.

ಆಟದಲ್ಲಿ ನಿಯಮ ಇಷ್ಟೇ. ಸಿರಿಂಜ್ ಗೊಂಬೆಗೆ ಮಾತ್ರ. ಚುಚ್ಚೋ ಮೊದಲು ಹೇಳಬೇಕು. "ನೋವೇ ಆಗಲ್ಲ" ಅನ್ನೋ ಹಾಗಿಲ್ಲ, ಅದು ಸುಳ್ಳು. "ಚುರ್ ಅನ್ನುತ್ತೆ, ಐದು ಎಣಿಸೋಣ" ಅನ್ನಬೇಕು. ಇನ್ನೊಬ್ಬರು ಗೊಂಬೆಯ ಕೈ ಹಿಡಿದುಕೊಂಡಿರಬೇಕು.

ಗಂಡು ನರ್ಸ್‌ಗೆ ಆಸ್ಪತ್ರೆಯಲ್ಲಿ "ಬ್ರದರ್" ಅಂತಾರೆ. ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗೆ ಹೋಗಿ ಬಂದವರೆಲ್ಲ ಆ ಕರೆ ಕೇಳಿರುತ್ತಾರೆ. ತರಗತಿಯಲ್ಲೂ ಅದೇ ಹೆಸರು ಬಳಸಿ, "ಬ್ರದರ್, ಈ ಅಜ್ಜಿಗೆ ಡ್ರೆಸ್ಸಿಂಗ್ ಇದೆ" ಅಂತ. ನಗೋರಿಗೆ ಬೇರೆ ಉತ್ತರ ಬೇಕಾಗಲ್ಲ.

ಬಯಲುಸೀಮೆ_ಅಂಗನವಾಡಿ
ಚಳ್ಳಕೆರೆ ಕಡೆಯಿಂದ. ಹಳ್ಳಿ ಮಕ್ಕಳಿಗೆ ಆಸ್ಪತ್ರೆಗಿಂತ ಚೆನ್ನಾಗಿ ಗೊತ್ತಿರೋದು ಲಸಿಕೆ ದಿನ. ಗುರುವಾರ ಅಂದ್ರೆ ಸಿಸ್ಟರ್ ನೀಲಿ ಡಬ್ಬಿ ತರ್ತಾರೆ, ಆಶಾ ಅಕ್ಕ ಗುಲಾಬಿ ಸೀರೆಯಲ್ಲಿ ಮನೆಮನೆಗೆ ಹೋಗಿ ಕರೀತಾರೆ. ಅದನ್ನೇ ಆಡಿಸ್ರಿ, ಪಾತ್ರ ತಾವಾಗೇ ಬರ್ತವೆ.

ಡಬ್ಬಿಗೆ ಹಳೇ ಥರ್ಮಾಕೋಲ್ ಪೆಟ್ಟಿಗೆಗೆ ನೀಲಿ ಕಾಗದ ಅಂಟಿಸಿ. ಥರ್ಮಾಕೋಲ್ ಬರೀ ಬಿಟ್ಟರೆ ಚೂರು ಕಿತ್ತು ಬಾಯಿಗೆ ಹೋಗ್ತದೆ, ಪೂರ್ತಿ ಮುಚ್ಚಬೇಕು. ನಿಜವಾದ ಡಬ್ಬಿಯಲ್ಲಿ ನಾಲ್ಕು ಐಸ್ ಪ್ಯಾಕ್ ಇರ್ತವೆ, ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಫ್ರೀಜರಿಂದ ತೆಗೆದ ಪ್ಯಾಕ್ ಕೂಡಲೇ ಇಡಂಗಿಲ್ಲ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರಬೇಕು, ಇಲ್ಲಾಂದ್ರೆ ಕೆಲವು ಲಸಿಕೆ ಹೆಪ್ಪುಗಟ್ಟಿ ಕೆಡ್ತವೆ. ಐದು ವರ್ಷದ ಮಕ್ಕಳಿಗೆ ಇದು ಬಹಳ ಹಿಡಿಸ್ತದೆ. ನಾಲ್ಕು ಬಾಟ್ಲಿ ನೀರು ಫ್ರೀಜ್ ಮಾಡಿ ತನ್ನಿ, ಯಾವುದು ಸದ್ದು ಮಾಡ್ತದೆ ಅಂತ ಕಿವಿಗಿಟ್ಟು ಕೇಳಲಿ.

ಲಸಿಕೆ ಹಾಕಿದ ಮೇಲೆ ಸಿಸ್ಟರ್ ತಾಯಿಗೆ ನಾಲ್ಕು ಮಾತು ಹೇಳ್ತಾರೆ: ಯಾವ ಲಸಿಕೆ, ಯಾವ ರೋಗಕ್ಕೆ, ಜ್ವರ, ಊತ ಬಂದರೆ ಏನು ಮಾಡೋದು, ಮತ್ತೆ ಯಾವಾಗ ಬರೋದು, ಕಾರ್ಡ್ ಜೋಪಾನ, ಬರುವಾಗ ತನ್ನಿ. ಆಮೇಲೆ ಅರ್ಧ ಗಂಟೆ ಕೂರಿಸ್ತಾರೆ. ಮಕ್ಕಳು ಎರಡು ಮಾತು ಹೇಳಿದರೂ ಸಾಕು. ಕಾಯೋ ಕುರ್ಚಿ ಇಡಿ, ಪಕ್ಕದಲ್ಲಿ ಮರಳು ಗಡಿಯಾರ ಇಡಿ. ಸುಮ್ಮನೆ ಕೂತು ಕಾಯೋದೂ ಈ ಕೆಲಸದೊಳಗೇ ಬರ್ತದೆ ಅಂತ ಗೊತ್ತಾಗಲಿ.

ಆಶಾ ಪಾತ್ರಕ್ಕೆ ಚೀಲ, ಪುಸ್ತಕ, ಪೆನ್ಸಿಲ್. ಆಸ್ಪತ್ರೆಯಲ್ಲಿ ಹೆರಿಗೆ ಆದ ಮನೆಗೆ ಆಶಾ 3, 7, 14, 21, 28, 42ನೇ ದಿನ ಹೋಗ್ತಾರೆ. ಗೋಡೆಗೆ 42 ಚೌಕದ ಪಟ್ಟಿ ಬರೆದು ಆ ಆರು ಚೌಕಕ್ಕೆ ಗುಲಾಬಿ ಬಣ್ಣ ಹಚ್ಚಿ. ದಿನಾ ಒಂದು ಚೌಕ ಅಳಿಸ್ತಾ ಹೋದ್ರೆ ಗುಲಾಬಿ ಬಂದ ದಿನ ಗೊಂಬೆ ಮನೆಗೆ ಭೇಟಿ. ನಿಮ್ಮ ಒಂದೂವರೆ ತಿಂಗಳಿಗೂ ಸರಿಹೋಗ್ತದೆ. ಭೇಟಿಯಲ್ಲಿ ಮೊದಲು ಸೋಪು ಹಚ್ಚಿ ಕೈ ತೊಳೆಯೋದು, ಆಮೇಲೆ ಪಾದ, ಹೊಟ್ಟೆ ಮುಟ್ಟಿ ಬೆಚ್ಚಗಿದೆಯಾ ನೋಡೋದು, ತೂಗೋದು, "ಹಾಲು ಕುಡೀತಾ?" ಅಂತ ಅಮ್ಮನ್ನ ಕೇಳೋದು, ಬರೆಯೋದು.

ಒಂದು ಎಚ್ಚರ. ಮಗು ಸೊರಗಿದೆಯಾ ಅಂತ ನೋಡೋ ತೋಳಿನ ಸುತ್ತಳತೆ ಪಟ್ಟಿಯನ್ನೂ ಕಾಗದದಲ್ಲಿ ಮಾಡಬಹುದು, 11.5 ಸೆಂ.ಮೀ.ವರೆಗೆ ಕೆಂಪು, 12.5ರವರೆಗೆ ಹಳದಿ, ಆಮೇಲೆ ಹಸಿರು. ಆದ್ರೆ ಅಳತೆ ಗೊಂಬೆಗಷ್ಟೇ ಇರಲಿ. ಮಕ್ಕಳ ತೋಳು, ತೂಕ ಒಬ್ಬರದು ಇನ್ನೊಬ್ಬರ ಮುಂದೆ ಅಳೆದ್ರೆ "ಇವ್ನು ಕೆಂಪು" ಅನ್ನೋ ಅಡ್ಡಹೆಸರು ಆ ಮಗೂಗೆ ಅಂಟಿಕೊಳ್ತದೆ.

ಹೊಲಿಗೆಮನೆ
ಪ್ಲಾಸ್ಟಿಕ್ ಗೊಂಬೆ ಹಗುರ, ಕಾಲು ಹಿಡಿದು ಬೀಸಾಡ್ತಾರೆ. ಭಾರ ಇದ್ದರೆ ಮಕ್ಕಳು ತಾವಾಗೇ ಎರಡೂ ಕೈಲಿ ಎತ್ತಿಕೊಳ್ತಾರೆ. ಹೀಗೆ ಹೊಲಿಯಿರಿ: ಹಳೇ ಕಾಟನ್ ಸೀರೆ ಎರಡು ಮಡಿಕೆ, ತಲೆಯಿಂದ ಪಾದಕ್ಕೆ 45 ಸೆಂ.ಮೀ., ಸುತ್ತ ಒಂದು ಸೆಂ.ಮೀ. ಹೊಲಿಗೆಗೆ ಬಿಡಿ. ತಲೆ, ಕೈಕಾಲಿಗೆ ಹತ್ತಿ. ಹೊಟ್ಟೆಗೆ ಜರಡಿ ಹಿಡಿದು ತೊಳೆದು ಬಿಸಿಲಲ್ಲಿ ಒಣಗಿಸಿದ ಮರಳು 600 ಗ್ರಾಂ, ಒಂದರೊಳಗೊಂದು ಎರಡು ಚೀಲದಲ್ಲಿ, ಚೀಲದ ಬಾಯಿಗೆ ಎರಡು ಸಲ ಮಿಷನ್ ಹೊಲಿಗೆ. ರಾಗಿ, ಅಕ್ಕಿ ತುಂಬಬೇಡಿ, ಹುಳ ಬೀಳ್ತದೆ, ಇಲಿಯೂ ಹುಡುಕಿಕೊಂಡು ಬರ್ತದೆ. ಕುತ್ತಿಗೆಗೆ ಹತ್ತಿ ಕಡಿಮೆ ತುಂಬಿದರೆ ತಲೆ ಜೋಲುತ್ತೆ. ಅದನ್ನ ಸರಿ ಮಾಡೋಕೆ ಹೋಗಬೇಡಿ, ಬೇಕಂತಲೇ ಹಾಗೆ ಬಿಡಿ. ಎಳೇ ಕೂಸಿನ ಕತ್ತಿನ ಕೆಳಗೆ ಕೈ ಕೊಡೋದು ಅಭ್ಯಾಸ ಆಗ್ತದೆ. ಕಣ್ಣಿಗೆ ಗುಂಡಿ ಬೇಡ, ದಾರದಲ್ಲಿ ಕಸೂತಿ ಹಾಕಿ. ಹೊರ ಅಂಗಿ ಬೇರೆ ಇರಲಿ, ಒಗೆಯೋಕೆ ಬರಬೇಕು.

ಬಣ್ಣ ಕಂದು, ಎಣ್ಣೆಗೆಂಪು, ಕಪ್ಪು ಎಲ್ಲ ಇರಲಿ. ನಮ್ಮ ಮಕ್ಕಳ ಮೈಬಣ್ಣ ಇರೋ ಗೊಂಬೆ ಅಂಗಡೀಲಿ ಸಿಗಲ್ಲ. ಬಟ್ಟೆ ತುಂಡಿಗೆ ಖರ್ಚಿಲ್ಲ, ದಾವಣಗೆರೆ ಚೌಕಿಪೇಟೆ ಕಡೆ ಯಾವ ಟೈಲರ್ ಕೇಳಿದರೂ ಒಂದು ಚೀಲ ಕೊಡ್ತಾರೆ.

ಫಿಸಿಯೋ_ಹರಿಹರ
ವಯಸ್ಸಾದವರ ಆರೈಕೆ ಬಗ್ಗೆ ಎರಡು ಮಾತು, ಈ ಭಾಗವನ್ನೇ ಎಲ್ಲರೂ ಬಿಡೋದು. ಮನೆಯಲ್ಲಿ ಅಜ್ಜ ಅಜ್ಜಿ ಇರೋದರಿಂದ ಗೊತ್ತಿರುತ್ತೆ ಅಂದುಕೊಳ್ತೀವಿ. ಆದರೆ ಎಬ್ಬಿಸೋದು, ಉಣಿಸೋದು, ನಡೆಸೋದಕ್ಕೆಲ್ಲ ಕ್ರಮ ಇದೆ.

ಊರುಗೋಲು: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ನೋವು ಬಲಗಾಲಿಗಿದ್ದರೆ ಕೋಲು ಎಡಗೈಯಲ್ಲಿ. ದೊಡ್ಡವರೇ ಇದನ್ನು ಉಲ್ಟಾ ಹಿಡಿಯುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮಕ್ಕಳಿಗೆ ಇದನ್ನು ಲಯದಲ್ಲಿ ಹೇಳಿಸಿ, ಒಂದೇ ಮೆಟ್ಟಿಲಿನ ಮೇಲೆ ಆಡಿಸಿ. ಕೋಲಿನ ತುದಿಗೆ ರಬ್ಬರ್ ಬುಶ್ ಇಲ್ಲದಿದ್ದರೆ ಟೈಲ್ಸ್ ಮೇಲೆ ಜಾರುತ್ತೆ. ಮಕ್ಕಳ ಅಳತೆಗೆ 45ರಿಂದ 50 ಸೆಂ.ಮೀ. ಕೋಲು ಸಾಕು. ಉದ್ದ ಆದರೆ ಕತ್ತಿವರಸೆ ಶುರು.

ಗಾಲಿಕುರ್ಚಿ: ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗು ಕೂರಿಸಿ ತಳ್ಳಲೇಬೇಡಿ, ಮುಂದಿನ ಕಾಲು ಸಿಕ್ಕಿಕೊಂಡು ಮಗು ಮುಖಕ್ಕೆ ಬೀಳುತ್ತೆ. ರಟ್ಟಿನ ಪೆಟ್ಟಿಗೆಗೆ ನಾಲ್ಕು ಗಾಲಿ ಹಾಕಿ ಗೊಂಬೆ ಕೂರಿಸಿ. ಹೇಳಿಕೊಡೋ ಕ್ರಮ: ಬ್ರೇಕ್ ಹಾಕು, ಕಾಲು ಹಲಗೆ ಮಡಚು, "ಅಜ್ಜಿ, ಏಳೋಣವಾ?" ಅಂತ ಕೇಳು, ಆಮೇಲೆ ಎಬ್ಬಿಸು. ಬ್ರೇಕ್‌ಗೆ ಒಂದು ಬಟ್ಟೆ ಕ್ಲಿಪ್ ಸಾಕು, ಚಕ್ರಕ್ಕೆ ಸಿಕ್ಕಿಸೋದು. ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು, ಮುಂದಾಗಿ ಇಳಿಸಿದರೆ ಕೂತವರು ಜಾರುತ್ತಾರೆ. ಹಲಗೆ ಇಟ್ಟು ಗೊಂಬೆ ಹಾಕಿ ಎರಡೂ ರೀತಿ ಮಾಡಿ ತೋರಿಸಿ, ಗೊಂಬೆ ಬಿದ್ದದ್ದನ್ನು ಅವರು ಮರೆಯಲ್ಲ.

ಉಣಿಸೋದು: ನಿಂತು ಉಣಿಸಬಾರದು, ಎದುರು ಕೂರಬೇಕು. ಅಜ್ಜಿ ನೆಟ್ಟಗೆ ಕೂತಿರಬೇಕು, ಗಲ್ಲ ಸ್ವಲ್ಪ ಕೆಳಗೆ. ಅರ್ಧ ಚಮಚ, ಗಂಟಲು ಮೇಲೆ ಕೆಳಗೆ ಆದ ಮೇಲೆ ಮುಂದಿನದು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಒಬ್ಬ ಟೀಚರ್ ಅಜ್ಜಿ ಆಗಿ ಕೂತರೆ ಈ ಆಟ ಬಹಳ ಚೆನ್ನಾಗಿ ನಡೆಯುತ್ತೆ. "ಸಾಕು" ಅಂದಾಗ ಚಮಚ ಇಳಿಯುತ್ತಾ ನೋಡಿ. ನಮ್ಮಲ್ಲಿ ಪ್ರೀತಿ ಅಂದರೆ ಬಾಯಿಗೆ ತುರುಕೋದು, ಮಕ್ಕಳೂ ಅದನ್ನೇ ಕಲಿತಿರುತ್ತಾರೆ.

ಐದು ದಾಟಿದವರಿಗೆ ಉಣ್ಣೆ ಗ್ಲೌಸ್ ಹಾಕಿಸಿ ಅಂಗಿ ಗುಂಡಿ ಹಾಕಲು ಹೇಳಿ, ಹಳೇ ಕನ್ನಡಕದ ಗಾಜಿಗೆ ವ್ಯಾಸಲಿನ್ ಸವರಿ ಓದಲು ಕೊಡಿ. ಬೆನ್ನು ಬಗ್ಗಿಸಿ ಕೆಮ್ಮುತ್ತಾ ನಡೆಯೋ "ಅಜ್ಜ" ನಟನೆ ಬೇಡ. ಅದು ಅಣಕ.

ಕುರಿಹಟ್ಟಿ_ಡಾಕ್ಟ್ರು
ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಕ್ಕಳಿಗೆ ಕುರಿಗಿಂತ ಹತ್ತಿರದ ರೋಗಿ ಯಾರೂ ಇಲ್ಲ ಕಣ್ರಿ. ದಿಂಬಿಗೆ ಹಳೇ ಕಂಬಳಿ ತುಂಡು ಸುತ್ತಿ ಹೊಲಿದರೆ ಕುರಿ ರೆಡಿ. ಕಿವಿಗೆ ಹಳದಿ ರಟ್ಟಿನ ಓಲೆ, ಅದರ ಮೇಲೆ ನಂಬರ್. ನಿಜವಾದ ಓಲೆಯಲ್ಲಿ 12 ಅಂಕಿ ಇರ್ತವೆ, ಮಕ್ಕಳಿಗೆ ಎರಡು ಅಂಕಿ ಸಾಕು. ನಂಬರ್ ನೋಡಿ ಪುಸ್ತಕದಲ್ಲಿ ಬರೆಯೋದು ಅವರ ಗಣಿತವೂ ಆಯ್ತು.

ಜಂತಿನ ಔಷಧಿ ಕುಡಿಸೋದನ್ನ ಸರಿಯಾಗಿ ಕಲಿಸಿ. ತಲೆ ಮೇಲೆತ್ತಿ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಇಳಿದು ಕುರಿ ಸಾಯಬಹುದು. ತಲೆ ಬೆನ್ನಿನ ಮಟ್ಟದಲ್ಲೇ ಇರಬೇಕು, ಬಾಯಿಯ ಪಕ್ಕದಿಂದ ಸಿರಿಂಜ್ ಇಟ್ಟು ನಿಧಾನ ಒತ್ತಬೇಕು, ನುಂಗೋವರೆಗೂ ಕಾಯಬೇಕು. ಡೋಸ್ ತೂಕಕ್ಕೆ ತಕ್ಕಂತೆ, ದೊಡ್ಡ ಕುರಿಗೆ ಎರಡು ಗೆರೆ, ಮರಿಗೆ ಒಂದು ಗೆರೆ ಅಂತ ಸಿರಿಂಜ್ ಮೇಲೆ ಗುರುತು ಹಾಕಿಕೊಡಿ. ಮುಟ್ಟೋ ಮೊದಲು ಅದಕ್ಕೆ ಕಾಣೋ ಕಡೆಯಿಂದ ಬರಬೇಕು, ಹಿಂದಿನಿಂದ ಹೋದರೆ ಬೆದರ್ತದೆ.

ಜೊತೆಗೆ ಇದೂ ಹೇಳಿ: ಆಟದ ನಾಯಿಗೆ ಪಟ್ಟಿ ಕಟ್ಟಬಹುದು, ಬೀದಿ ನಾಯಿಗಲ್ಲ. ಕಚ್ಚಿದರೆ, ಪರಚಿದರೆ ಮನೆಯಲ್ಲಿ ಮುಚ್ಚಿಡಬಾರದು, ಕೂಡಲೇ ಹೇಳಬೇಕು. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ. ದನಕರುಗಳ ಆಂಬುಲೆನ್ಸ್ ಕರೆಯೋ ನಂಬರ್ 1962.

ಎಲ್‌ಕೆಜಿ_ದಾವಣಗೆರೆ
ಎಲ್ಲರಿಗೂ ಧನ್ಯವಾದ. ಮೂರು ಪ್ರಶ್ನೆ ಉಳಿದಿವೆ. ಆಂಬುಲೆನ್ಸ್ ಆಟಕ್ಕೆ ಹಳೇ ಮೊಬೈಲ್ ಇಡಬಹುದಾ? ಡಾಕ್ಟರ್ ಆಟದಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರು ಎತ್ತಿ ನೋಡೋದು ಬಂದರೆ ಹೇಗೆ ನಿಭಾಯಿಸೋದು? ಸ್ಟೆತಸ್ಕೋಪ್ ನಿಜದ್ದು ಬೇಕಾ?

ವಾರ್ಡ್_ಸಿಸ್ಟರ್
ಸಿಮ್ ತೆಗೆದ ಮೊಬೈಲಿನಿಂದಲೂ ತುರ್ತು ಸಹಾಯದ 112ಕ್ಕೆ ಕರೆ ಹೋಗಬಹುದು. ಬ್ಯಾಟರಿಯೇ ಇಲ್ಲದ್ದು ಇಡಿ, ಇಲ್ಲವೇ ಮರದ ತುಂಡಿಗೆ ಅಂಕಿ ಬರೆಯಿರಿ. 108ಕ್ಕೆ ಹೇಳಬೇಕಾದ್ದು ಯಾವ ಊರು, ಹತ್ತಿರದ ಗುರುತು ಯಾವುದು, ಏನಾಗಿದೆ, ಎಷ್ಟು ಜನ. ಅವರು "ಇಡಿ" ಅನ್ನೋವರೆಗೂ ಫೋನ್ ಇಡಬಾರದು. ಗುರುತು ಹೇಳೋದರಲ್ಲೇ ಎಲ್ಲರೂ ತಡವರಿಸೋದು. ಅದನ್ನೇ ಆಡಿಸಿ: "ಗಡಿಯಾರ ಕಂಬದ ಹತ್ರ", "ರಂಗಯ್ಯನಬಾಗಿಲ ಪಕ್ಕ".

ಸ್ಟೆತಸ್ಕೋಪ್ ನಿಜದ್ದು ಬೇಕಿಲ್ಲ. ಎರಡು ಲಾಳಿಕೆಗೆ 40 ಸೆಂ.ಮೀ. ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ಒಂದು ಲಾಳಿಕೆ ಎದೆಗೆ, ಇನ್ನೊಂದು ಕಿವಿಯ ಹೊರಗೆ. ಲಬ್‌ಡಬ್ ಕೇಳುತ್ತೆ. 20 ಸಲ ಕುಪ್ಪಳಿಸಿ ಬಂದು ಮತ್ತೆ ಕೇಳಲಿ. ಒಬ್ಬರು ಕಿವಿಗಿಟ್ಟಾಗ ಇನ್ನೊಬ್ಬರು ಲಾಳಿಕೆಯಲ್ಲಿ ಕಿರುಚಬಾರದು. ಪ್ರತಿ ಗುಂಪಿನ ನಂತರ ಸೋಪಿನ ನೀರಲ್ಲಿ ತೊಳೆಯಿರಿ.

ಕೋಟೆನಾಡು_ಇಸಿಇ
ಬಟ್ಟೆ ವಿಷಯಕ್ಕೆ ಗದರಿಸೋದು ಬೇಡ, ಅದು ಈ ವಯಸ್ಸಿನ ಕುತೂಹಲ. ನಿಯಮ ಮೊದಲ ದಿನವೇ ಚಿತ್ರ ಬರೆದು ಅಂಟಿಸಿ. ಗೆಳೆಯರ ಮೇಲೆ ಪರೀಕ್ಷೆ ಅಂದರೆ ಕೈ, ಕಾಲು, ತಲೆ, ಬಟ್ಟೆ ಮೇಲಿಂದ ಎದೆ ಬೆನ್ನು. ಅಂಗಿ ಬಿಚ್ಚೋದು ಗೊಂಬೆಗೆ ಮಾತ್ರ. "ಮುಟ್ಲಾ?" ಅಂತ ಕೇಳಬೇಕು, "ಬೇಡ" ಅಂದರೆ ಡಾಕ್ಟರೂ ನಿಲ್ಲಿಸಬೇಕು. ಪರದೆ ಹಾಕಿ ಮುಚ್ಚಿದ ಮೂಲೆ ಮಾಡಬೇಡಿ, ನೀವು ಕೂತ ಜಾಗದಿಂದ ಪೂರ್ತಿ ಕಾಣಬೇಕು. ಮೀರಿದರೆ "ಈ ರೋಗಿಗೆ ಗೊಂಬೆ ಕೊಡೋಣ" ಅಂತ ಆಟದೊಳಗಿಂದಲೇ ತಿರುಗಿಸಿ. ಒತ್ತಾಯ ಕಂಡರೆ, ಬೇಡ ಅಂದರೂ ಒಂದೇ ಮಗು ಮತ್ತೆ ಮತ್ತೆ ಹಾಗೇ ಮಾಡಿದರೆ, ವಯಸ್ಸಿಗೆ ಮೀರಿದ ವಿವರ ಆ ಮಗುವಿನ ಮಾತಲ್ಲಿ ಬಂದರೆ, ಅದು ಆಟದ ವಿಷಯ ಅಲ್ಲ. ಮುಖ್ಯೋಪಾಧ್ಯಾಯರಿಗೆ ಅದೇ ದಿನ ತಿಳಿಸಿ.

ಎಲ್ಲ ಸಾಮಾನು ಒಂದೇ ದಿನ ಇಳಿಸಬೇಡಿ. ಮೊದಲ ವಾರ ಗೊಂಬೆ, ಹಾಸಿಗೆ, ಪಟ್ಟಿ, ಪೆನ್ಸಿಲ್, ಚೀಟಿ ಇಷ್ಟೇ. ಎರಡನೇ ವಾರ ಆಶಾ ಚೀಲ, ಲಸಿಕೆ ಡಬ್ಬಿ. ಸಿರಿಂಜ್ ಆಗ ಬರಲಿ, ಅಷ್ಟರಲ್ಲಿ ಬೇರೆ ಕೆಲಸಗಳು ರೂಢಿಯಾಗಿರುತ್ತವೆ. ಅಜ್ಜಿ ಮನೆ ಮೂರನೇ ವಾರ, ಕುರಿ ಕೊನೆಗೆ. ಕುರಿ ಬಂದ ಮೇಲೆ ಬೇರೆ ಯಾವುದನ್ನೂ ಮುಟ್ಟಲ್ಲ.

ನೀವು ಹೊರಗೆ ನಿಂತು "ಹಾಗಲ್ಲ, ಹೀಗೆ" ಅನ್ನಬೇಡಿ. ಆಟ ನಿಂತುಹೋದಾಗ ರೋಗಿಯಾಗಿ ಒಳಗೆ ಹೋಗಿ "ಸಿಸ್ಟರ್, ನನಗೆ ಚೀಟಿ ಓದೋಕೆ ಬರಲ್ಲ, ಏನು ಬರೆದಿದೆ?" ಅಂತ ಒಂದು ಸಮಸ್ಯೆ ಕೊಟ್ಟು ಹೊರಗೆ ಬನ್ನಿ. ಒರೆಸೋ ಬಟ್ಟೆ, ಬಕೆಟ್ ಹಿಡಿಯೋ ಆಯಾ ಪಾತ್ರವನ್ನು ಯಾರೂ ಬಯಸಲ್ಲ. ದಿನಕ್ಕೊಬ್ಬರನ್ನು ನೇಮಿಸಿ, ಹಾಸಿಗೆ ಸ್ವಚ್ಛ ಆಗೋವರೆಗೂ ಮುಂದಿನ ರೋಗಿಯನ್ನು ಕರೆಯೋ ಹಾಗಿಲ್ಲ ಅನ್ನೋ ಅಧಿಕಾರ ಆಯಾ ಕೈಗೆ ಕೊಡಿ. ಗಂಟೆ ಬಾರಿಸೋದೂ ಅವರೇ ಅಂದುಬಿಟ್ಟರೆ ಆ ಪಾತ್ರಕ್ಕೇ ಸಾಲು ನಿಲ್ಲುತ್ತೆ.

ಹೊಲಿಗೆಮನೆ
ಗೊಂಬೆ ಆರು ಮಾಡಿಸಿ, ಐದಲ್ಲ. ಒಂದು ಯಾವಾಗಲೂ ಒಗೆಯೋಕೆ ಹೋಗಿರ್ತದೆ. ಒಗೆಯುವಾಗ ಮರಳಿನ ಚೀಲ ತೆಗೆಯೋಕೆ ಬೆನ್ನಿನಲ್ಲಿ 12 ಸೆಂ.ಮೀ. ಬಾಯಿ ಬಿಟ್ಟು ವೆಲ್ಕ್ರೊ ಹಾಕಿಸಿ, ಜಿಪ್ ಬೇಡ.